ಯಾವ ಕೀಬೋರ್ಡ್ ಒಳ್ಳೇದು? ಎಡಗೈಯನ್ನು ಕೇಳಿ

ಭದ್ರಾವತಿಯ ನ್ಯೂಟೌನಿನಲ್ಲಿ ಗಣಪತಿ ಕಾರ್ಯಕ್ರಮ ಮುಗಿಸಿ, ಸಾಮಾನು ಕಟ್ಟಿ, ವ್ಯಾನು ಶಿವಮೊಗ್ಗದ ಕಡೆ ತಿರುಗುವಾಗ ರಾತ್ರಿ ಹನ್ನೆರಡು ದಾಟಿರುತ್ತದೆ. ದಾರಿ ಇರುವುದು ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ಹಾಡಿದವರು ಶಾಲು ಸುತ್ತಿಕೊಂಡು ಮಲಗುತ್ತಾರೆ, ವಾದ್ಯದವರಿಗೆ ಮಾತ್ರ ನಿದ್ದೆ ಹತ್ತುವುದಿಲ್ಲ. "ಇವತ್ತು ಕೀಬೋರ್ಡಿನಲ್ಲಿ ಕೊಳಲಿನ ಬಿಟ್ಟು ಚೆನ್ನಾಗೇ ಬಂತು, ರೋಲ್ಯಾಂಡ್ ಆಗಿದ್ರೆ ಇನ್ನೂ..." ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಹಿಂದಿನ ಸೀಟಿನಲ್ಲಿ ಯಮಾಹಾ ಪಕ್ಷ ಎದ್ದು ಕೂರುತ್ತದೆ. ಕಾರ್ಗ್ ಇಟ್ಟುಕೊಂಡವರು ಜಗಳಕ್ಕೇ ಇಳಿಯುವುದಿಲ್ಲ, ಸುಮ್ಮನೆ ನಗುತ್ತಾರೆ. ಎಲ್ಲಕ್ಕಿಂತ ಸಿಟ್ಟು ಬರಿಸುವುದು ಆ ನಗು.

ಈ ಜಗಳ ವ್ಯಾನಿನಲ್ಲೇ ಉಳಿದಿದ್ದರೆ ತೊಂದರೆಯಿರಲಿಲ್ಲ. ಆದರೆ ಮಗಳಿಗೆ ಕೀಬೋರ್ಡ್ ಕೊಡಿಸಬೇಕೆಂದಿರುವ ತಂದೆ, ಭಜನಾ ಮಂಡಳಿಯ ಖಜಾಂಚಿ, ಕಾಲೇಜು ಮುಗಿಸಿ ಆರ್ಕೆಸ್ಟ್ರಾ ಸೇರಲು ಹೊರಟ ಹುಡುಗ, ಎಲ್ಲರೂ ಇದೇ ಜಗಳದ ತುಂಡುಗಳನ್ನು ಕೇಳಿಸಿಕೊಂಡು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಡಬ್ಬದ ಮೇಲೆ ಬರೆದ ಟೋನ್‌ಗಳ ಸಂಖ್ಯೆ ನೋಡಿ ಮರುಳಾಗುತ್ತಾರೆ. ಆರೆಂಟು ನೂರು ಟೋನ್ ಇರುವ ಪೆಟ್ಟಿಗೆ ಮನೆಗೆ ಬರುತ್ತದೆ, ಅದರಲ್ಲಿ ಬಳಕೆಯಾಗುವುದು ಹದಿನೈದು. ನನ್ನ ಕೈಯಲ್ಲೂ ಹಾಗೆಯೇ. ಕೊಳಲು, ಪಿಟೀಲು ಗುಂಪು, ಸಿತಾರ್, ಶಹನಾಯಿ, ಪಿಯಾನೋ, ಎರಡು ಮೂರು ಬಗೆಯ 'ಪ್ಯಾಡ್', ಅಲ್ಲಿಗೆ ಮುಗಿಯಿತು.

ಹಾಗಾದರೆ ಏನು ನೋಡಬೇಕು? ಬಲಗೈಗೆ ಎಲ್ಲ ಕಂಪನಿಯವರೂ ಹೆಚ್ಚುಕಡಿಮೆ ಒಂದೇ ಥರದ ಕೀಗಳನ್ನು ಕೊಡುತ್ತಾರೆ. ನಮ್ಮ ಹಾಡಿನ ಮಟ್ಟಿಗೆ ವ್ಯತ್ಯಾಸವಿರುವುದು ಎಡಗೈ ಬಳಿ, ಆ ಚಕ್ರ ಅಥವಾ ಕಡ್ಡಿಯಲ್ಲಿ.

ಎಡಗೈ ಯಾಕೆ?

ಒಂದಿಷ್ಟು ಹಿಂದಿನ ಮಾತು ಹೇಳಿಬಿಡುತ್ತೇನೆ. ಅಮೆರಿಕದ ರಾಬರ್ಟ್ ಮೂಗ್ ಸಿಂಥಸೈಜರ್ ಕಟ್ಟಿದ್ದು 1964ರಲ್ಲಿ. 1969ರಷ್ಟು ಹಿಂದೆಯೇ ಒಂದು ಮೂಗ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ರೋಲ್ಯಾಂಡ್ ಜುಪಿಟರ್-8 ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡು ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. ಮರುವರ್ಷ ಯಮಾಹಾ ಡಿಎಕ್ಸ್-7 ಬಂತು, ಸಿನಿಮಾ ಸಂಗೀತದ ಬಣ್ಣವೇ ಬದಲಾಯಿತು. 1987ರ 'ಪ್ರೇಮಲೋಕ' ಚಿತ್ರದ ಹಾಡು ಬೇಕೆಂದು ಪೆಂಡಾಲಿನಿಂದ ಚೀಟಿ ಬಂದರೆ ಕೀಬೋರ್ಡ್ ಇಲ್ಲದ ತಂಡ ತಲೆ ತಗ್ಗಿಸಬೇಕಾಗುತ್ತಿತ್ತು.

ಎಡಗೈಗೆ ಸಂಬಂಧಪಟ್ಟ ಕತೆ ಇದಕ್ಕಿಂತ ಹಳೆಯದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದರಲ್ಲಿ ಸ್ವರಗಳು ಮೆಟ್ಟಿಲಿನ ಹಾಗೆ ನಿಂತುಬಿಟ್ಟಿವೆ, ಜಾರಲು ದಾರಿಯಿಲ್ಲ, ಗಮಕ ಬರುವುದಿಲ್ಲ ಎಂಬುದು ದೂರು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗಲೂ ಆ ನಿಷೇಧ ಇತ್ತು. 1940ರಿಂದ ಲೆಕ್ಕ ಹಾಕಿದರೆ ಅದು ಸಡಿಲವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ನಿಷೇಧ ಸರಿಯೋ ತಪ್ಪೋ ಬೇರೆ ಮಾತು, ದೂರಿನಲ್ಲಿ ಹುರುಳಿತ್ತು. ಕೀಬೋರ್ಡೂ ಮೆಟ್ಟಿಲೇ. ಮೆಟ್ಟಿಲುಗಳ ನಡುವೆ ಜಾರಲು ನಿಮಗಿರುವ ಮುಖ್ಯ ದಾರಿ ಎಡಗೈ ಕೆಳಗಿನ ಪಿಚ್ ಬೆಂಡರ್, ಅಂದರೆ ಆ ಚಕ್ರ ಅಥವಾ ಕಡ್ಡಿ.

ಶಿವಮೊಗ್ಗ ಸುಬ್ಬಣ್ಣ ಹಾಡಿದ ಯಾವುದಾದರೂ ಭಾವಗೀತೆಯ ಒಂದು ಸಾಲನ್ನು ಕೊಳಲಿನ ಟೋನಿನಲ್ಲಿ ಬರೀ ಬಲಗೈಯಿಂದ ನುಡಿಸಿ ನೋಡಿ. ಸ್ವರವೆಲ್ಲ ಸರಿಯಾಗಿಯೇ ಇರುತ್ತದೆ, ಹಾಡು ಮಾತ್ರ ಇರುವುದಿಲ್ಲ. ಪ್ರತಿ ಕೀಗೂ ಕೊಳಲು ಹೊಸದಾಗಿ "ತು" ಎನ್ನುತ್ತದೆ. ಬಾನ್ಸುರಿಯವರು ಒಂದೇ ಉಸಿರಿನಲ್ಲಿ ಬೆರಳು ಜಾರಿಸುವ ಕಡೆ ನೀವು ನಾಲ್ಕು ಸಲ ಊದಿದಂತೆ ಕೇಳುತ್ತದೆ. ಅದೇ ಸಾಲನ್ನು ಎರಡು ಕೀ ಮಾತ್ರ ಒತ್ತಿ, ಉಳಿದದ್ದನ್ನು ಬೆಂಡರಿನಲ್ಲಿ ಎಳೆದು ನುಡಿಸಿದರೆ ಪಕ್ಕದ ಕೋಣೆಯಲ್ಲಿದ್ದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಮೊದಲು ನಿಮ್ಮ ಕೆಲಸ ಯಾವುದು ಹೇಳಿ

ವ್ಯಾನಿನ ಜಗಳ ಮುಗಿಯದಿರಲು ಕಾರಣ, ಎಲ್ಲರೂ ಬೇರೆ ಬೇರೆ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಒಬ್ಬರೇ ಕೂತು ತಾಳ, ಬೇಸ್, ಕಾರ್ಡ್ ಎಲ್ಲ ಯಂತ್ರವೇ ನುಡಿಸಿ ತಾವು ಹಾಡಬೇಕೆನ್ನುವವರಿಗೆ, ಮದುವೆ ಆರತಕ್ಷತೆಯಲ್ಲಿ ಇಬ್ಬರೇ ಕಾರ್ಯಕ್ರಮ ಕೊಡುವವರಿಗೆ, 'ಸ್ಟೈಲ್' ಇರುವ ಅರೇಂಜರ್ ಕೀಬೋರ್ಡ್ ಬೇಕು. ಯಮಾಹಾದ ಪಿಎಸ್‌ಆರ್ ಐ-455, ಐ-500, ಕ್ಯಾಸಿಯೋದವರು ಹೆಸರಿನ ಕೊನೆಗೆ 'ಐಎನ್' ಸೇರಿಸಿ ಬಿಟ್ಟ ಮಾದರಿಗಳು ಭಾರತಕ್ಕೆಂದೇ ಮಾಡಿದವು. ನಮ್ಮ ತಾಳಗಳು, ತಬಲಾ, ತಂಬೂರಿ ಅವುಗಳಲ್ಲಿ ಸಿಗುತ್ತವೆ. ಕಾರ್ಗ್‌ನ ಪಿಎ ಸರಣಿಯೂ ಅರೇಂಜರೇ, ಆದರೆ ಬೆಲೆ, ತೂಕ, ಕೆಲಸ ಎಲ್ಲ ಮೇಲಿನ ದರ್ಜೆಯದು.

ತಬಲಾದವರು, ರಿದಂ ಪ್ಯಾಡಿನವರು, ಬೇಸ್ ಗಿಟಾರಿನವರು ಪಕ್ಕದಲ್ಲೇ ಇರುವ ಆರ್ಕೆಸ್ಟ್ರಾದಲ್ಲಿ ಸ್ಟೈಲ್ ಯಾರಿಗೆ ಬೇಕು? ಅಲ್ಲಿ ಬೇಕಾದ್ದು ಟೋನ್‌ಗಳನ್ನು ನಮಗೆ ಬೇಕಾದಂತೆ ತಿದ್ದಿ, ಹಾಡಿನ ಕ್ರಮದಲ್ಲಿ ಸಾಲಾಗಿ ಇಟ್ಟುಕೊಳ್ಳಲು ಬರುವ ಸಿಂಥಸೈಜರ್. ರೋಲ್ಯಾಂಡ್ ಎಕ್ಸ್‌ಪಿಎಸ್-10, ಎಕ್ಸ್‌ಪಿಎಸ್-30 ನಮ್ಮ ಕಡೆಯ ವೇದಿಕೆಗಳಲ್ಲಿ ಅಷ್ಟೊಂದು ಕಾಣುವುದು ಇದಕ್ಕೇ.

ಭಜನಾ ಮಂಡಳಿಗೆ? ನನ್ನನ್ನು ಕೇಳಿದರೆ ಒಳ್ಳೆಯ ಹಾರ್ಮೋನಿಯಂ ಕೊಳ್ಳಿ. ಕರೆಂಟು ಹೋದರೂ ನುಡಿಯುತ್ತದೆ.

ಲ್ಯಾಪ್‌ಟಾಪು, ಮೊಬೈಲಿನಲ್ಲಿ ಇದಕ್ಕಿಂತ ಚೆನ್ನಾದ ಟೋನ್ ಬರುತ್ತವೆ ಎಂದು ಹುಡುಗರು ಹೇಳುತ್ತಾರೆ, ನಿಜ. ಮನೆಯಲ್ಲಿ ರೆಕಾರ್ಡಿಂಗಿಗೆ ಅದೇ ಸರಿ. ಆದರೆ ಎರಡನೇ ಚರಣದ ಹೊತ್ತಿಗೆ ಜನರೇಟರ್ ಒಮ್ಮೆ ಕೆಮ್ಮಿ, ಇಡೀ ವೇದಿಕೆ ಕತ್ತಲಾಗಿ, ಮತ್ತೆ ಬೆಳಕು ಬಂದಾಗ ಕೆಲವೇ ಸೆಕೆಂಡುಗಳಲ್ಲಿ ಸ್ವರ ಕೊಡುವುದು ಗಟ್ಟಿ ಪೆಟ್ಟಿಗೆಯೇ.

ಅಂಗಡಿಯಲ್ಲಿ ನಿಂತು ಮಾಡಬೇಕಾದ್ದು

ಡೆಮೊ ಹಾಡು ಹಾಕಲು ಬಿಡಬೇಡಿ. ಅದು ಎಲ್ಲ ಕೀಬೋರ್ಡಿನಲ್ಲೂ ಚೆನ್ನಾಗಿಯೇ ಇರುತ್ತದೆ. ನಿಮ್ಮದೇ ಹೆಡ್‌ಫೋನ್ ಒಯ್ಯಿರಿ, ಚೆನ್ನಾಗಿ ಬರುವ ಒಂದು ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ.

1. ಬೆಂಡರ್ ಇದೆಯೇ ನೋಡಿ. ಅಗ್ಗದ ಮಾದರಿಗಳಲ್ಲಿ ಇರುವುದೇ ಇಲ್ಲ. ಕಲಿಯಲು ಎಂದು ಕೊಂಡರೂ ಇಲ್ಲದ್ದನ್ನು ಕೊಳ್ಳಬೇಡಿ, ಎರಡು ವರ್ಷದಲ್ಲಿ ಮಾರಬೇಕಾಗುತ್ತದೆ.

2. ಚಕ್ರವೋ ಕಡ್ಡಿಯೋ, ಕೈಯಿಟ್ಟು ನಿರ್ಧರಿಸಿ. ಯಮಾಹಾ, ಕ್ಯಾಸಿಯೋದವರದು ಹೆಚ್ಚಾಗಿ ಹಿಂದೆ ಮುಂದೆ ಉರುಳುವ ಚಕ್ರ. ರೋಲ್ಯಾಂಡ್, ಕಾರ್ಗ್‌ನವರದು ಹೆಚ್ಚಾಗಿ ಎಡಕ್ಕೆ ಬಲಕ್ಕೆ ವಾಲುವ ಕಡ್ಡಿ. ರೋಲ್ಯಾಂಡಿನ ಕಡ್ಡಿಯನ್ನೇ ಮುಂದಕ್ಕೆ ತಳ್ಳಿದರೆ ಸ್ವರ ನಡುಗುತ್ತದೆ. ಶಹನಾಯಿಯ ಚುರುಕು ಹೊರಳಿಗೆ ಕಡ್ಡಿ ಸಲೀಸು. ನಿಧಾನವಾಗಿ ಎಳೆದು, ನಡುವೆ ಒಂದು ಕಡೆ ನಿಲ್ಲಿಸಿ, ಮತ್ತೆ ಎಳೆಯುವ ಸಾರಂಗಿಯಂಥದ್ದಕ್ಕೆ ನನಗೆ ಚಕ್ರವೇ ಸರಿ, ಹೆಬ್ಬೆರಳಿನ ಭಾರದಲ್ಲೇ ಅದು ನಿಲ್ಲುತ್ತದೆ. ವ್ಯಾನಿನಲ್ಲಿ ಇದನ್ನು ಹೇಳಿದರೆ ಯಮಾಹಾ ಪಕ್ಷಕ್ಕೆ ಸೇರಿಸಿಬಿಡುತ್ತಾರೆ, ಹೇಳುವುದಿಲ್ಲ.

3. ಮೆನುವಿನಲ್ಲಿ 'ಬೆಂಡ್ ರೇಂಜ್' ಹುಡುಕಿ ಬದಲಾಯಿಸಿ ನೋಡಿ. ಸಾಮಾನ್ಯವಾಗಿ ಕಂಪನಿಯವರು ಅದನ್ನು 2ಕ್ಕೆ ಇಟ್ಟಿರುತ್ತಾರೆ. ಅಂದರೆ ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಎರಡು ಕೀ ದೂರ ಮಾತ್ರ ಜಾರಬಹುದು. ಷಡ್ಜದಿಂದ ಅಂತರ ಗಾಂಧಾರಕ್ಕೆ ನಾಲ್ಕು ಕೀ ದೂರ, 2ರಲ್ಲಿ ಮುಟ್ಟುವುದಿಲ್ಲ. ಹಾಗೆಂದು 12 ಇಟ್ಟುಕೊಂಡರೆ ಕೂದಲೆಳೆ ಅಲುಗಿದರೂ ಅಪಸ್ವರ. ಭಾವಗೀತೆಗೆ 2 ಅಥವಾ 3, ಸಿತಾರಿನ ಎಳೆತಕ್ಕೆ 4 ಅಥವಾ 5 ನನ್ನ ಲೆಕ್ಕ.

4. 'ಮೋನೊ', 'ಪೋರ್ಟಮೆಂಟೊ' (ಒಂದು ಸ್ವರದಿಂದ ಇನ್ನೊಂದಕ್ಕೆ ತಾನೇ ಜಾರುವುದು) ಇವೆಯೇ ಕೇಳಿ. ಮೋನೊ ಹಾಕಿದರೆ ಒಂದು ಸಲಕ್ಕೆ ಒಂದೇ ಸ್ವರ. ಒಂದು ಕೀ ಬಿಡುವ ಮುನ್ನ ಇನ್ನೊಂದನ್ನು ಒತ್ತಿದಾಗ, ಟೋನ್ ಅದಕ್ಕೆ ಹೊಂದಿಸಿದ್ದರೆ, ಆ "ತು" ಹೋಗುತ್ತದೆ. ಮನುಷ್ಯ ಊದುವ ಕೊಳಲೂ ಒಂದು ಸಲಕ್ಕೆ ಒಂದೇ ಸ್ವರ ತಾನೇ.

5. ನಿಮ್ಮ ಸೆಟ್ಟಿಂಗ್ ಉಳಿಸಿ, ಆರಿಸಿ, ಮತ್ತೆ ಹಾಕಿ, ಎಷ್ಟು ಗುಂಡಿ ಒತ್ತಿದರೆ ಅದು ಸಿಗುತ್ತದೆ ಎಣಿಸಿ. ಎರಡಕ್ಕಿಂತ ಹೆಚ್ಚಾದರೆ ವೇದಿಕೆಯಲ್ಲಿ ಕಷ್ಟ. ಪಲ್ಲವಿ ಮುಗಿದು ಹಾಡಿನ ನಡುವಿನ ವಾದ್ಯದ ಬಿಟ್ಟು ಶುರುವಾಗುವ ನಡುವೆ ನಿಮಗಿರುವುದು ಅರ್ಧ ಆವರ್ತ.

6. ಎತ್ತಿ ನೋಡಿ. 61 ಕೀಯ ಸಾಧಾರಣ ಕೀಬೋರ್ಡನ್ನು ಬ್ಯಾಗಿನಲ್ಲಿ ಹೆಗಲಿಗೇರಿಸಿ ಬಸ್ಸು ಹತ್ತಬಹುದು. ಪಿಯಾನೋದಂಥ ಭಾರದ 88 ಕೀಯದನ್ನು ಎತ್ತಲು ಇನ್ನೊಬ್ಬರು ಬೇಕು, ಅವರಿಗೆ ಊಟ, ಬಸ್‌ಚಾರ್ಜೂ ಬೇಕು.

ಅಭ್ಯಾಸಕ್ಕೆ ಒಂದು ಗುಟ್ಟು

ಹೊಸಬರು ಕೀ ಒತ್ತಿ, ಆಮೇಲೆ ಬೆಂಡರನ್ನು ಮೇಲಕ್ಕೆ ತಳ್ಳುತ್ತಾರೆ. ಎಷ್ಟು ತಳ್ಳಿದರೆ ಸ್ವರ ಸಿಕ್ಕೀತು ಎಂಬ ಅಳತೆ ಬೆರಳಿಗೆ ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸ್ವರ ಒಂದೋ ಕೆಳಗೆ, ಒಂದೋ ಮೇಲೆ. ತಿರುವು ಮುರುವು ಮಾಡಿ. ಮೊದಲು ಚಕ್ರವನ್ನು ಕೆಳಕ್ಕೆ ಎಳೆದು ಹಿಡಿಯಿರಿ. ಆಮೇಲೆ ನೀವು ಹೋಗಿ ನಿಲ್ಲಬೇಕಾದ ಸ್ವರದ ಕೀ ಒತ್ತಿ. ಈಗ ಚಕ್ರವನ್ನು ಮೆಲ್ಲಗೆ ಬಿಡಿ. ಒಳಗಿನ ಸ್ಪ್ರಿಂಗ್ ಅದನ್ನು ನಡುವಿಗೇ ತರುತ್ತದೆ, ಸ್ವರ ಕರಾರುವಾಕ್ಕಾಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕೆಳಗಿನಿಂದ ಏರಿ ಬರುವ ಜಾರುಗಳಿಗೆಲ್ಲ ಇದೇ ಸಾಕು. ಕಡ್ಡಿಯಾದರೆ ಎಡಕ್ಕೆ ವಾಲಿಸಿ ಬಿಡುವುದು.

ಎಚ್ಚರಿಕೆ ಒಂದೇ. ಬಲಗೈಯಲ್ಲಿ ಕಾರ್ಡ್ ಹಿಡಿದಿರುವಾಗ ಬೆಂಡರ್ ಮುಟ್ಟಬೇಡಿ. ಎಲ್ಲ ಸ್ವರಗಳೂ ಒಟ್ಟಿಗೆ ಜಾರಿ, ನಿಲ್ಲುತ್ತಿರುವ ಟೇಪ್‌ರೆಕಾರ್ಡರಿನಂತೆ ಕೇಳುತ್ತದೆ.

ಹಾರ್ಮೋನಿಯಂ ಪಕ್ಕದಲ್ಲಿದ್ದರೆ

ಗಾಯಕರು ತಮ್ಮ ಶ್ರುತಿ "ಒಂದೂವರೆ ಮನೆ" ಅಂದರೆ ಕಪ್ಪು ಒಂದು, "ನಾಲ್ಕು ಮನೆ" ಅಂದರೆ ಬಿಳಿ ನಾಲ್ಕು, ಇಷ್ಟು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿರಬಹುದಾದ್ದು, ಹಾರ್ಮೋನಿಯಂನ ಕಪ್ಪು ಒಂದೂ ಕೀಬೋರ್ಡಿನ ಕಪ್ಪು ಒಂದೂ ಒಂದೇ ಅಲ್ಲದಿರಬಹುದು. ಕೀಬೋರ್ಡ್ ಕಾರ್ಖಾನೆಯಿಂದ ಬರುವಾಗ ಬಿಳಿ ಆರು ಸೆಕೆಂಡಿಗೆ 440 ಕಂಪನಕ್ಕೆ ಇರುತ್ತದೆ. ಹಾರ್ಮೋನಿಯಂನ ಹಿತ್ತಾಳೆ ನಾಲಿಗೆಗೆ ಅಂಥ ನಿಷ್ಠೆಯಿಲ್ಲ.

ಹೀಗೆ ಮಾಡಿ. ಹಾರ್ಮೋನಿಯಂನವರಿಗೆ ನಡು ಸ್ಥಾಯಿಯ ಬಿಳಿ ಆರು ಹಿಡಿಯಲು ಹೇಳಿ. ನೀವು ಆರ್ಗನ್ನಿನಂಥ ನೇರ ಟೋನಿನಲ್ಲಿ ಅದೇ ಸ್ವರ ಹಿಡಿಯಿರಿ. ಕಿವಿಗೊಟ್ಟರೆ "ವ್ಹಾಂ... ವ್ಹಾಂ... ವ್ಹಾಂ..." ಎಂದು ಅಲೆ ಕೇಳುತ್ತದೆ. ಸೆಕೆಂಡಿಗೆ ಮೂರು ಅಲೆ ಬಂದರೆ ಇಬ್ಬರ ನಡುವೆ ಮೂರು ಕಂಪನದ ಅಂತರವಿದೆ. ಮೆನುವಿನ 'ಟ್ಯೂನ್' ಒತ್ತಿ ಒಂದೊಂದೇ ಅಂಕಿ ಬದಲಾಯಿಸಿ. ಅಲೆ ಹೆಚ್ಚಾದರೆ ತಪ್ಪು ದಿಕ್ಕು, ನಿಧಾನವಾದರೆ ಸರಿ ದಿಕ್ಕು. ಅಲೆ ಉದ್ದವಾಗಿ, ಸವೆದು, ನಿಂತುಹೋದಾಗ ಶ್ರುತಿ ಕೂಡಿತು. ಎರಡು ನಿಮಿಷದ ಕೆಲಸ. ಮಾಡದಿದ್ದರೆ ಮೂರು ಗಂಟೆ "ಏನೋ ಸರಿಯಿಲ್ಲ" ಎಂದು ಗಾಯಕರು ನಿಮ್ಮ ಕಡೆ ತಿರುಗಿ ನೋಡುತ್ತಿರುತ್ತಾರೆ.

ಶಾಸ್ತ್ರೀಯ ಕಿವಿಯವರಿಗೆ ಇನ್ನೊಂದು ಮಾತು. ಒಂದು ಕೀಯಿಂದ ಪಕ್ಕದ ಕೀಗೆ 100 ಸೆಂಟ್ ಎಂದು ಅಳತೆ. ತಂಬೂರಿಗೆ ಹದವಾಗಿ ಕೂಡುವ ಅಂತರ ಗಾಂಧಾರ ಕೀಬೋರ್ಡಿನದಕ್ಕಿಂತ ಸುಮಾರು 14 ಸೆಂಟ್ ತಗ್ಗು. 'ಸ್ಕೇಲ್ ಟ್ಯೂನ್' ಇರುವ ಯಂತ್ರದಲ್ಲಿ ಅದನ್ನು ಇಳಿಸಿಟ್ಟುಕೊಳ್ಳಬಹುದು. ಆದರೆ ಅದು ಆ ಒಂದು ಷಡ್ಜಕ್ಕೆ ಮಾತ್ರ ಸರಿ. ಮುಂದಿನ ಗಾಯಕರ ಮನೆ ಬೇರೆಯಾದರೆ ಹಿಂದಿನದನ್ನು ಅಳಿಸಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಅಡಾಪ್ಟರ್ ಸಾಲ ಪಡೆಯುವುದು.* ಪಿನ್ನು ಒಳಗೆ ಹೋಯಿತೆಂದರೆ ಸರಿಹೊಂದಿತು ಎಂದಲ್ಲ. ಯಮಾಹಾದ ಸಾಧಾರಣ ಮಾದರಿಗಳಿಗೆ 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ರೋಲ್ಯಾಂಡಿನ ಅನೇಕ ಮಾದರಿಗಳಿಗೆ 9 ವೋಲ್ಟ್, ನಡುವೆ ಮೈನಸ್. ಒಂದು ದಸರಾ ಕಾರ್ಯಕ್ರಮಕ್ಕೆ ನನ್ನ ಅಡಾಪ್ಟರನ್ನು ಮನೆಯಲ್ಲೇ ಮರೆತು, ಪಕ್ಕದ ತಂಡದವರದನ್ನು ಕೇಳಿ ಚುಚ್ಚಿದೆ. ಸದ್ದೇನೂ ಬರಲಿಲ್ಲ, ಸುಟ್ಟ ಬೇಕಲೈಟಿನ ವಾಸನೆ ಬಂತು. ಆ ಸೀಸನ್ನಿನ ಸಂಪಾದನೆ ಬೋರ್ಡು ಕಟ್ಟಿಸುವುದಕ್ಕೇ ಹೋಯಿತು. ಈಗ ಅಡಾಪ್ಟರಿನ ವೈರಿಗೆ ಕೆಂಪು ಟೇಪು ಸುತ್ತಿ, ಅದನ್ನು ಕೀಬೋರ್ಡ್ ಬ್ಯಾಗಿನ ಹಿಡಿಗೇ ಕಟ್ಟಿದ್ದೇನೆ.

*ಸ್ಟೀರಿಯೋ ಪಿನ್ನನ್ನು ಮಿಕ್ಸರಿಗೆ ನೇರ ಚುಚ್ಚುವುದು.* ಸಣ್ಣ ಕೀಬೋರ್ಡುಗಳಲ್ಲಿ ಹೆಡ್‌ಫೋನಿಗೂ ಹೊರಗಿನ ಸೌಂಡಿಗೂ ಒಂದೇ ತೂತು. ಅದಕ್ಕೆ ಎರಡು ಉಂಗುರದ ಸ್ಟೀರಿಯೋ ಪಿನ್ನು ಹಾಕಿ ಇನ್ನೊಂದು ತುದಿಯನ್ನು ಮಿಕ್ಸರಿನ ಒಂದೇ ಚಾನಲ್‌ಗೆ ಕೊಟ್ಟರೆ, ಆ ಚಾನಲ್ ಎಡದ ಸದ್ದಿನಿಂದ ಬಲದ ಸದ್ದನ್ನು ಕಳೆದುಬಿಡುತ್ತದೆ. ಎರಡರಲ್ಲೂ ಸಮವಾಗಿರುವುದೆಲ್ಲ ಮಾಯ. ಉಳಿಯುವುದು ಬಾವಿಯೊಳಗಿನಿಂದ ಬಂದಂಥ ಪ್ರತಿಧ್ವನಿ. ಸೌಂಡಿನವರು "ಕೀಬೋರ್ಡ್ ಬರ್ತಿಲ್ಲ ಸಾರ್, ವಾಲ್ಯೂಮ್ ಏರಿಸಿ" ಅನ್ನುತ್ತಾರೆ, ನೀವು "ಫುಲ್ ಇಟ್ಟಿದೀನಿ" ಅನ್ನುತ್ತೀರಿ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದು ಸ್ಟೀರಿಯೋ ಪಿನ್ನಿನಿಂದ ಎರಡು ಮೋನೊ ಪಿನ್ನಾಗಿ ಕವಲೊಡೆಯುವ ಕೇಬಲ್ ಇಟ್ಟುಕೊಳ್ಳಿ. ಎರಡು ಚಾನಲ್ ಕೊಡದಿದ್ದರೆ ಒಂದು ಕವಲನ್ನಷ್ಟೇ ಚುಚ್ಚಿ. ಹಿಂದೆ ಬೇರೆಯಾಗಿ ಎರಡು ಔಟ್‌ಪುಟ್ ಇರುವ ಕೀಬೋರ್ಡಾದರೆ, ಒಂದೇ ವೈರ್ ಇದ್ದಾಗ 'ಎಲ್/ಮೋನೊ' ಎಂದಿರುವುದಕ್ಕೇ ಹಾಕಿ.

*ಟ್ರಾನ್ಸ್‌ಪೋಸ್ ಮರೆಯುವುದು.* ಹಿಂದಿನ ಹಾಡಿಗೆ ಒಂದು ಕೀ ಏರಿಸಿಟ್ಟದ್ದು ಹಾಗೇ ಉಳಿದು, ಮುಂದಿನ ಹಾಡಿನ ಮೊದಲ ಸಾಲಿಗೇ ಇಡೀ ತಂಡ ನಿಮ್ಮ ಕಡೆ ತಿರುಗುವುದು. ಇದು ಆಗದ ಕೀಬೋರ್ಡ್ ಪ್ಲೇಯರ್ ಶಿವಮೊಗ್ಗದಲ್ಲೂ ಇಲ್ಲ, ಭದ್ರಾವತಿಯಲ್ಲೂ ಇಲ್ಲ. ಚಪ್ಪಾಳೆ ಬೀಳುವಾಗಲೇ ಸೊನ್ನೆಗೆ ತನ್ನಿ.

*ಪೆಡಲ್ ಮೇಲೆ ಕಾಲಿಟ್ಟುಕೊಂಡು ಸ್ವಿಚ್ ಹಾಕುವುದು.* ಎಷ್ಟೋ ಕೀಬೋರ್ಡುಗಳು ಆನ್ ಆಗುವ ಗಳಿಗೆಯಲ್ಲಿ ಪೆಡಲ್ ಯಾವ ಬಗೆಯದೆಂದು ನೋಡಿಕೊಳ್ಳುತ್ತವೆ. ಆಗ ಕಾಲು ಇದ್ದರೆ ಎಲ್ಲ ಉಲ್ಟಾ. ಒತ್ತಿದರೆ ಸ್ವರ ನಿಲ್ಲುತ್ತದೆ, ಬಿಟ್ಟರೆ ಎಳೆಯುತ್ತದೆ. ಆರಿಸಿ, ಕಾಲು ತೆಗೆದು, ಮತ್ತೆ ಹಾಕಿ.

ಹಳೆಯದು ಕೊಳ್ಳುವವರಿಗೆ

ನಮ್ಮ ಕಡೆ ಒಳ್ಳೆಯ ಕೀಬೋರ್ಡುಗಳು ಹೆಚ್ಚಾಗಿ ಕೈಯಿಂದ ಕೈಗೇ ಹೋಗುತ್ತವೆ. ಮಾರುವವರ ಮನೆಯಲ್ಲಿ ಕಾಫಿ ಕುಡಿಯುವ ಮುನ್ನವೇ ಕೀಬೋರ್ಡ್ ಆನ್ ಮಾಡಿಸಿ, ಕಾಫಿ ಮುಗಿಯುವವರೆಗೆ ಉರಿಯಲಿ. ಬಿಸಿಯಾದ ಮೇಲೆ ಬರುವ ತೊಂದರೆ ಆಗ ಬರುತ್ತದೆ.

1. ಕೆಳಗಿನ ಕೀಯಿಂದ ಮೇಲಿನವರೆಗೆ 61ನ್ನೂ ಒಂದೇ ಬಲದಲ್ಲಿ, ಮೊದಲು ಮೆತ್ತಗೆ, ಆಮೇಲೆ ಜೋರಾಗಿ ಒತ್ತಿ. ಒಂದೆರಡು ಕೀ ಇದ್ದಕ್ಕಿದ್ದಂತೆ ಕಿರುಚಿದರೆ ಅಥವಾ ಮೂಕವಾದರೆ ಒಳಗಿನ ರಬ್ಬರ್ ಪಟ್ಟಿ ಸವೆದಿದೆ ಅಥವಾ ಧೂಳು ಕೂತಿದೆ. ಇದು ರಿಪೇರಿ ಆಗುವಂಥದ್ದು, ಬೆಲೆ ಇಳಿಸಿ ಕೇಳಿ.

2. ಒಂದು ಸ್ವರ ಹಿಡಿದು ಬೆಂಡರನ್ನು ಎಳೆದು ಬಿಡಿ. ಹತ್ತು ಸಲ ಮಾಡಿ. ಒಮ್ಮೆಯಾದರೂ ಸ್ವರ ತನ್ನ ಜಾಗಕ್ಕೆ ಬರದಿದ್ದರೆ ನಾನಾದರೆ ಎದ್ದು ಬರುತ್ತೇನೆ.

3. ಅಡಾಪ್ಟರಿನ ಪಿನ್ನನ್ನು ಮೆಲ್ಲಗೆ ಅಲುಗಿಸಿ. ಆರಿ ಹತ್ತಿದರೆ ಒಳಗೆ ಬೆಸುಗೆ ಬಿಟ್ಟಿದೆ.

4. ಡಿಎಕ್ಸ್-7, ಡಿ-50, ಎಂ-1 ಥರದ ಎಂಬತ್ತರ ದಶಕದ ಹಳಬರು ಸಿಕ್ಕರೆ ಆಸೆ ಪಡಿ, ಆದರೆ ಒಳಗೊಂದು ನಾಣ್ಯದಂಥ ಬ್ಯಾಟರಿ ಇರುತ್ತದೆ ಎಂಬುದು ನೆನಪಿರಲಿ. ಅದು ಸತ್ತರೆ ಉಳಿಸಿಟ್ಟ ಟೋನ್‌ಗಳೂ ಸಾಯುತ್ತವೆ. ಬದಲಾಯಿಸಿ ಎಷ್ಟು ವರ್ಷವಾಯಿತು ಕೇಳಿ.

ಮಲೆನಾಡಿನ ಮಳೆಗೆ

ಕೀಬೋರ್ಡನ್ನು ಹೆಚ್ಚು ಹಾಳುಮಾಡುವುದು ನುಡಿಸುವುದಲ್ಲ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬ್ಯಾಗಿನಲ್ಲಿ ಮುಚ್ಚಿಡುವುದು. ಒದ್ದೆ ಬ್ಯಾಗಿನೊಳಗೆ, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಸಿಟ್ಟರೆ ಒಳಗಿನ ತೇವ ಹೊರಹೋಗದೆ ಕೀಗಳ ಕೆಳಗಿನ ಕಾರ್ಬನ್ ಮೇಲೆ ಕೂರುತ್ತದೆ. ಮಳೆಯಲ್ಲಿ ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಎಷ್ಟೇ ಸುಸ್ತಾಗಿರಲಿ, ಕೀಬೋರ್ಡನ್ನು ಬ್ಯಾಗಿನಿಂದ ತೆಗೆದು ಹತ್ತಿ ಬಟ್ಟೆ ಹೊದಿಸಿಡಿ. ಬ್ಯಾಗನ್ನು ಬೇರೆಯಾಗಿ ಒಣಗಿಸಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಎಸೆಯದೆ ಬ್ಯಾಗಿಗೆ ಹಾಕಿ. ಕಾರ್ಯಕ್ರಮವಿಲ್ಲದ ವಾರದಲ್ಲೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ನುಡಿಸಿ. ಯಂತ್ರ ತುಸು ಬೆಚ್ಚಗಾದರೆ ತೇವ ಆರುತ್ತದೆ, ಆ ಅರ್ಧ ಗಂಟೆಯಲ್ಲಿ ನಿಮ್ಮ ಎಡಗೈಗೂ ಕೆಲಸ ಕೊಡಬಹುದು.